ಶ್ರೀರಂಗಪಟ್ಟಣ: ಕೋಟೆಯಾಚೆಯ ಪೇಟೆ

ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ 2014ರಲ್ಲಿ ಸೇರಿದ ಭಾರತದ ತಾಣಗಳಲ್ಲಿ ಎರಡು ಹಳೆಯ ಮೈಸೂರು ಸೀಮೆಯವು. ಒಂದು, ಹೊಯ್ಸಳರ ದೇವಾಲಯಗಳ ಸಮುಚ್ಚಯ. ಮತ್ತೊಂದು, ಶ್ರೀರಂಗಪಟ್ಟಣ ದ್ವೀಪದ ಸ್ಮಾರಕಗಳು. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಅಂತಿಮ ಪಟ್ಟಿಯನ್ನು ಸೇರಿದವು. ಶ್ರೀರಂಗಪಟ್ಟಣ ಇನ್ನೂ ತಾತ್ಕಾಲಿಕ ಪಟ್ಟಿಯಲ್ಲೇ ಇದೆ. ಒತ್ತುವರಿ, ಅನುದಾನದ ಕೊರತೆ, ಇಲಾಖೆಗಳ ನಡುವಿನ ಸಮನ್ವಯದ ಅಭಾವ ಎಂಬ ಕಾರಣಗಳು ಎಂದಿನಂತೆ ಕೇಳಿಬರುತ್ತವೆ. ಅವುಗಳಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಅವಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಈ ಪಟ್ಟಣದ ಬಗ್ಗೆ ಜಗತ್ತಿಗೆ ನಾವು ಹೇಳಬೇಕೆಂದಿರುವುದಾದರೂ ಏನು?

ಸದ್ಯಕ್ಕೆ ನಾವು ಹೇಳುತ್ತಿರುವುದು ಒಂದೇ ಕಥೆಯನ್ನು, ಯುದ್ಧದ ಕಥೆಯನ್ನು. ಪ್ರವಾಸಿ ಬಸ್ಸಿನಿಂದ ಇಳಿದವನಿಗೆ ತೋರಿಸುವುದು ಟಿಪ್ಪು ಬಿದ್ದ ಜಾಗ, ಕೋಟೆ ಒಡೆದ ಜಾಗ, ಸೆರೆಯಾಳುಗಳನ್ನು ಇಟ್ಟಿದ್ದ ನೆಲಮಾಳಿಗೆ, ಮದ್ದಿನ ಮನೆ. 1799ರ ಮೇ 4ರ ಒಂದು ಮಧ್ಯಾಹ್ನ ಈ ಪಟ್ಟಣದ ಸಾವಿರ ವರ್ಷಗಳ ಬದುಕನ್ನೆಲ್ಲ ನುಂಗಿಹಾಕಿದೆ. ಇದರ ಮೇಲೆ ರಾಜಕೀಯವೂ ಸೇರಿಕೊಂಡಿದೆ. 2015ರಲ್ಲಿ ಸರ್ಕಾರಿ ಆಚರಣೆಯಾಗಿ ಆರಂಭವಾಗಿ 2019ರಲ್ಲಿ ನಿಂತುಹೋದ ಟಿಪ್ಪು ಜಯಂತಿಯ ಸುತ್ತ ನಡೆದ ವಾಗ್ವಾದದಲ್ಲಿ ಶ್ರೀರಂಗಪಟ್ಟಣವೆಂಬ ಊರಿನ ಪ್ರಸ್ತಾಪ ಎಷ್ಟು ಬಾರಿ ಬಂದಿತು ಎಂಬುದನ್ನು ಓದುಗರು ನೆನಪು ಮಾಡಿಕೊಳ್ಳಲಿ. ಒಬ್ಬ ದೊರೆ ಒಳ್ಳೆಯವನೋ ಕೆಟ್ಟವನೋ ಎಂಬ ಜಗಳದಲ್ಲಿ ಆತ ಆಳಿದ ಊರಿನಲ್ಲಿ ಅಂಗಡಿ ಇಟ್ಟವರು, ಮಗ್ಗ ಹೂಡಿದವರು, ಎತ್ತು ಹೊಡೆದವರು ಯಾರಿಗೂ ಕಾಣದೆ ಹೋದರು.

ಇದೇ ಯುನೆಸ್ಕೊ ಪಟ್ಟಿಗೆ ಮಧ್ಯ ಏಷ್ಯಾದ ಸಮರ್ಕಂದ್ ಸೇರಿದ್ದು 2001ರಲ್ಲಿ. ಸೇರಿದ್ದು ಸಂಸ್ಕೃತಿಗಳು ಕೂಡುವ ಚೌಕವೆಂಬ ಹೆಸರಿನಲ್ಲಿ. ಯುದ್ಧಗಳನ್ನು ನೋಡದ ಊರಲ್ಲ ಅದು. ಕ್ರಿಸ್ತಪೂರ್ವ 329ರಲ್ಲಿ ಅಲೆಕ್ಸಾಂಡರ್ ಅದನ್ನು ಹಿಡಿದ. 1220ರಲ್ಲಿ ಚಂಗೀಸ್ ಖಾನ್ ಹಾಳುಗೆಡವಿದ. ತೈಮೂರ್ ಅದನ್ನು ತನ್ನ ರಾಜಧಾನಿ ಮಾಡಿಕೊಂಡು ಅರ್ಧ ಏಷ್ಯಾವನ್ನು ಸುಲಿದ. ಮೈಸೂರು ಸಂಸ್ಥಾನದ ನಾಲ್ಕು ಯುದ್ಧಗಳು ಆ ರಕ್ತಪಾತದ ಮುಂದೆ ಏನೂ ಅಲ್ಲ. ಆದರೂ ಸಮರ್ಕಂದ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಒಂಟೆಗಳ ಸಾಲು, ರೇಷ್ಮೆಯ ಥಾನು, ಕಾಗದ, ನೀಲಿ ಗುಮ್ಮಟ. ಹಾಗಾದರೆ ಕಾವೇರಿಯ ನಡುವಿನ ಈ ದ್ವೀಪವೆಂದೊಡನೆ ಬರಿಯ ಫಿರಂಗಿ ಏಕೆ ನೆನಪಾಗಬೇಕು?

ಸಮರ್ಕಂದ್‌ನ ಹಿರಿಮೆಗೆ ಮೂಲ ಅದರ ದೊರೆಗಳಲ್ಲ, ಸೋಗ್ದಿಯನ್ನರೆಂಬ ವರ್ತಕ ಜನಾಂಗ. ಈ ಜನ ದೊಡ್ಡ ಸಾಮ್ರಾಜ್ಯವನ್ನೇನೂ ಕಟ್ಟಿದವರಲ್ಲ. ಚೀನಾದ ಗಡಿಯಿಂದ ಪರ್ಷಿಯಾದವರೆಗೆ ದಾರಿಯುದ್ದಕ್ಕೂ ತಮ್ಮವರನ್ನು ನೆಲೆಗೊಳಿಸಿ, ಪತ್ರ ಬರೆದು, ಸಾಲ ಕೊಟ್ಟು, ಸರಕು ಸಾಗಿಸಿ ಬದುಕಿದವರು. 1907ರಲ್ಲಿ ಆರೆಲ್ ಸ್ಟೈನ್ ಎಂಬ ಪುರಾತತ್ವಜ್ಞನಿಗೆ ಚೀನಾದ ದುನ್‌ಹುವಾಂಗ್ ಬಳಿಯ ಕಾವಲು ಗೋಪುರವೊಂದರಲ್ಲಿ ಸೋಗ್ದಿಯನ್ ವರ್ತಕರ ಪತ್ರಗಳ ಚೀಲವೊಂದು ಸಿಕ್ಕಿತು. ನಾಲ್ಕನೆಯ ಶತಮಾನದ ಆರಂಭದವೆಂದು ವಿದ್ವಾಂಸರು ಹೇಳುವ ಆ ಪತ್ರಗಳಲ್ಲೊಂದು ಸಮರ್ಕಂದ್‌ಗೆ ಹೊರಟಿದ್ದು, ತಲುಪಲೇ ಇಲ್ಲ. ಚೀನಾದ ನಗರಗಳು ಸುಟ್ಟುಹೋದ ಸುದ್ದಿ, ವ್ಯಾಪಾರ ಕೆಟ್ಟ ಸುದ್ದಿ, ಊರಿನಲ್ಲಿಟ್ಟ ಹಣವನ್ನು ತಬ್ಬಲಿ ಹುಡುಗನಿಗಾಗಿ ಬೆಳೆಸಬೇಕೆಂಬ ಕಳಕಳಿ ಅದರಲ್ಲಿವೆ. ಅದೇ ಊರಿನ ಹಳೆಯ ದಿಬ್ಬವಾದ ಅಫ್ರಾಸಿಯಾಬ್‌ನಲ್ಲಿ 1965ರಲ್ಲಿ ಏಳನೆಯ ಶತಮಾನದ ಭಿತ್ತಿಚಿತ್ರಗಳು ದೊರೆತವು. ವರ್ಖುಮಾನ್ ಎಂಬ ಅರಸನ ಕಾಲದ ಆ ಗೋಡೆಯ ಮೇಲೆ ಚೀನಾ, ಕೊರಿಯಾ ಮೊದಲಾದ ದೇಶಗಳ ರಾಯಭಾರಿಗಳು ರೇಷ್ಮೆಯ ಕಾಣಿಕೆಗಳನ್ನು ಹಿಡಿದು ಬಂದಿದ್ದಾರೆ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಗಳಲ್ಲೂ ಚಿತ್ರಗಳಿವೆ. ಅವುಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಬೇಯ್ಲಿಯ ಪಡೆ ಮುರಿದುಬಿದ್ದ ಆ ದೃಶ್ಯವನ್ನು ಎಲ್ಲರೂ ನಿಂತು ನೋಡುತ್ತಾರೆ. ಕಟ್ಟಡದ ಹೆಸರಿನ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ದರಿಯಾ ಎಂದರೆ ಪಾರಸಿಯಲ್ಲಿ ಕಡಲು, ದೌಲತ್ ಎಂದರೆ ಸಂಪತ್ತು. ಕಡಲಿಗೆ ನೂರಾರು ಮೈಲಿ ದೂರದ ಒಳನಾಡಿನಲ್ಲಿ, ಹೊಳೆಯ ದಂಡೆಯ ತೋಟದಲ್ಲಿ 1784ರಲ್ಲಿ ಎದ್ದ ಬೇಸಿಗೆಯ ಅರಮನೆಗೆ ಕಡಲ ಸಂಪತ್ತೆಂದು ಏಕೆ ಹೆಸರಿಟ್ಟರು? ನಾವು ಇಡೀ ಪಟ್ಟಣವನ್ನು ಆ ಗೋಡೆಯ ಚಿತ್ರದಿಂದ ಓದಿದ್ದೇವೆ. ಬಾಗಿಲ ಮೇಲಿನ ಹೆಸರಿನಿಂದ ಓದಿದ್ದರೆ ಬೇರೊಂದು ಊರು ಕಾಣುತ್ತಿತ್ತು.

ಆ ಊರಿನ ಕಥೆ ಟಿಪ್ಪುವಿನಿಂದ ಆರಂಭವಾಗುವುದೂ ಅಲ್ಲ. ಗಂಗರ ಕಾಲದಲ್ಲಿ, 894ರಲ್ಲಿ, ತಿರುಮಲಯ್ಯನೆಂಬುವನು ರಂಗನಾಥನ ಗುಡಿ ಕಟ್ಟಿಸಿದನೆಂದು ಹೇಳಲಾಗುತ್ತದೆ. 1454ರಲ್ಲಿ ಇಲ್ಲಿ ಕೋಟೆ ಕಟ್ಟಿಸಿದ ತಿಮ್ಮಣ್ಣ ನಮ್ಮ ನಾಗಮಂಗಲದ ನಾಯಕ. ದೇವಲಾಪುರ ಹೋಬಳಿಯವನಾದ ನನಗೆ ಈ ಒಂದು ಸಂಗತಿಯ ಬಗ್ಗೆ ಸ್ವಲ್ಪ ಹೆಮ್ಮೆ ಇದೆ, ಓದುಗರು ಮನ್ನಿಸಬೇಕು. ವಿಜಯನಗರದ ಪ್ರತಿನಿಧಿಗಳ ಕೈಯಿಂದ 1610ರಲ್ಲಿ ರಾಜ ಒಡೆಯರು ಇದನ್ನು ವಶಪಡಿಸಿಕೊಂಡು ರಾಜಧಾನಿ ಮಾಡಿಕೊಂಡರು. ಉತ್ತರಕ್ಕೆ ಮೇಲುಕೋಟೆ, ನಾಗಮಂಗಲ, ಬೆಳ್ಳೂರುಗಳ ಮೂಲಕ ಸಿರಾಕ್ಕೆ, ಪೂರ್ವಕ್ಕೆ ಚನ್ನಪಟ್ಟಣ ದಾಟಿ ಬೆಂಗಳೂರಿಗೆ, ಪಶ್ಚಿಮಕ್ಕೆ ಪಿರಿಯಾಪಟ್ಟಣದತ್ತ ಸಾಗಿ ಘಟ್ಟವಿಳಿದು ಕರಾವಳಿಗೆ ಇಲ್ಲಿಂದ ದಾರಿಗಳಿದ್ದವು. ಮರುಭೂಮಿಯ ಒಂಟೆಯ ಬದಲು ಇಲ್ಲಿ ಎತ್ತು. ಲಂಬಾಣಿಗಳ ಹೇರೆತ್ತುಗಳು ಉಪ್ಪು, ಅಕ್ಕಿ, ಅಡಿಕೆ, ಮೆಣಸು ಸಾಗಿಸುತ್ತಿದ್ದವು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಮುಂದೆ ಅಮೃತ ಮಹಲ್ ಎನಿಸಿ ಸೈನ್ಯದ ಸಾಗಾಣಿಕೆಗೆ ಬೇಕಾದ ರಾಸುಗಳನ್ನು ಒದಗಿಸಿತು. ಆ ತಳಿ ಇಂದಿಗೂ ನಮ್ಮಲ್ಲಿದೆ.

ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಈ ದಾರಿಗಳು ಕಡಲನ್ನೂ ದಾಟಿದವು. ಮಸ್ಕತ್‌ನಲ್ಲಿ ಮೈಸೂರಿನ ಕೋಠಿ, ಅಂದರೆ ಸರ್ಕಾರಿ ವ್ಯಾಪಾರ ಮಳಿಗೆ, ಇತ್ತು. ಕಛ್‌ನ ಮುಂದ್ರಾದಲ್ಲಿ ಮತ್ತೊಂದು. ಟಿಪ್ಪುವಿನ ಪತ್ರಗಳಲ್ಲಿ ಕೆಲವನ್ನು ವಿಲಿಯಂ ಕರ್ಕ್‌ಪ್ಯಾಟ್ರಿಕ್ ಎಂಬ ಕಂಪನಿ ಅಧಿಕಾರಿ 1811ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ. ಅನುವಾದಕನಿಗೆ ಟಿಪ್ಪುವಿನ ಬಗ್ಗೆ ಇದ್ದ ದ್ವೇಷ ಪುಟಪುಟದಲ್ಲೂ ಕಾಣುತ್ತದೆ. ಆದರೂ ಮೂಲ ಪತ್ರಗಳು ತಮ್ಮ ಮಾತನ್ನು ತಾವೇ ಆಡುತ್ತವೆ. ಮಸ್ಕತ್ ಕೋಠಿಯ ದಾರೋಗ ಮೀರ್ ಕಾಜಿಮ್‌ಗೆ ಬರೆದ ಪತ್ರಗಳನ್ನು ನೋಡಿ. ಗಂಧವನ್ನು, ಮೆಣಸನ್ನು, ಏಲಕ್ಕಿಯನ್ನು, ಅಕ್ಕಿಯನ್ನು ಯಾವ ದರಕ್ಕೆ ಮಾರಬೇಕು, ಯಾವಾಗ ತಡೆಹಿಡಿಯಬೇಕು ಎಂಬ ಸೂಚನೆಗಳಿವೆ. ಕೇಸರಿ ಬೀಜ ಕಳಿಸು, ರೇಷ್ಮೆಹುಳು ಮತ್ತು ಅದನ್ನು ಸಾಕಬಲ್ಲವರನ್ನು ಕಳಿಸು, ಮುತ್ತು ತೆಗೆಯುವ ಮುಳುಗುಗಾರರನ್ನು ಕಳಿಸು, ಖರ್ಜೂರದ ಗಿಡ ಕಳಿಸು ಎಂಬ ಬೇಡಿಕೆಗಳಿವೆ. ಮಸ್ಕತ್‌ನಲ್ಲಿ ದಲ್ಲಾಳಿಯಾಗಿದ್ದ ಮಾವಜಿ ಸೇಠ್ ಎಂಬ ಹಿಂದೂ ವರ್ತಕನಿಗೂ ಪತ್ರಗಳು ಹೋದವು. ಅರ್ಮೇನಿಯನ್ ವರ್ತಕರಿಗೆ ಸುಂಕದ ರಿಯಾಯಿತಿಯ ಆಹ್ವಾನ ಹೋಯಿತು. 1786ರಲ್ಲಿ ಗುಲಾಮ್ ಅಲಿ ಖಾನನ ನೇತೃತ್ವದಲ್ಲಿ ಮಸ್ಕತ್, ಬಸ್ರಾ, ಬಾಗ್ದಾದ್‌ಗಳ ಮೂಲಕ ಇಸ್ತಾಂಬುಲ್‌ಗೆ ತೆರಳಿದ ರಾಯಭಾರ ಮಂಡಳಿಗೆ ತುರ್ಕಿಯ ಸುಲ್ತಾನನ ಮಾನ್ಯತೆಯಷ್ಟೇ ಮುಖ್ಯವಾಗಿದ್ದದ್ದು ಬಸ್ರಾ ಬಂದರಿನಲ್ಲಿ ಮೈಸೂರಿಗೊಂದು ನೆಲೆ. ಹಡಗು ಮುರಿದು, ರೋಗ ಬಡಿದು ಆ ತಂಡದ ಬಹುಪಾಲು ಜನ ಹಿಂದಿರುಗಲಿಲ್ಲ. ಕಾಬೂಲಿನ ಜಮಾನ್ ಷಾನೊಡನೆಯೂ ಪತ್ರವ್ಯವಹಾರ ನಡೆಯಿತು. ಅಲ್ಲಿಂದ ಹಿಂದೂಕುಷ್ ದಾಟಿದರೆ ಸಮರ್ಕಂದ್‌ನ ಹಳೆಯ ದಾರಿ.

ಈ ವ್ಯಾಪಾರದ ಸ್ವರೂಪ ಎಂಥದು ಎಂಬುದನ್ನು ಭಾವುಕರಾಗದೆ ನೋಡಬೇಕು. ಇಲ್ಲಿಂದ ಹೋಗುತ್ತಿದ್ದದ್ದು ಗಂಧ. ಅಲ್ಲಿಂದ ಬರುತ್ತಿದ್ದ ಸರಕುಗಳಲ್ಲಿ ಮುಖ್ಯವಾದದ್ದು ಗಂಧಕ. ಒಂದೇ ಅಕ್ಷರದ ವ್ಯತ್ಯಾಸ, ಆದರೆ ಗಂಧಕ ಬೇಕಾಗಿದ್ದದ್ದು ಮದ್ದುಗುಂಡಿಗೆ. ಅದರ ಜೊತೆಗೆ ಕುದುರೆ. ವ್ಯಾಪಾರದ ಲಾಭ ಕೋಟೆಯೊಳಕ್ಕೆ ಹೋಗಿ ಯುದ್ಧದ ಖರ್ಚಾಗುತ್ತಿತ್ತು. ಸುತ್ತಲೂ ಮರಾಠರು, ನಿಜಾಮ, ಕಂಪನಿ ಇದ್ದಾಗ ಬೇರೆ ದಾರಿ ಇತ್ತೇ ಎಂದು ಕೇಳಬಹುದು. ಬಹುಶಃ ಇರಲಿಲ್ಲ. ಆದರೂ ಅದರ ಫಲ ಬೇರೆಯಾಗಲಿಲ್ಲ.

1792ರ ಒಪ್ಪಂದದಲ್ಲಿ ಅರ್ಧ ರಾಜ್ಯವೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯ ದಂಡವೂ ಹೋದವು. ಹೋದ ಭಾಗದಲ್ಲಿ ಮಲಬಾರ್, ಅಂದರೆ ಮೆಣಸಿನ ಸೀಮೆ, ಸೇರಿತ್ತು. ಅದಾದ ಮೇಲೆ ಟಿಪ್ಪು ಹೊರಡಿಸಿದ ವಾಣಿಜ್ಯ ನಿಬಂಧನೆಗಳು ಅರ್ಥಶಾಸ್ತ್ರ ಓದಿದವರ ಕುತೂಹಲ ಕೆರಳಿಸುವಂಥವು. ಮಲಿಕ್‌ಉತ್ತುಜ್ಜಾರ್ ಎಂಬ ವ್ಯಾಪಾರ ಮಂಡಳಿ, ಅದಕ್ಕೆ ಒಂಬತ್ತು ಮಂದಿ ಅಧಿಕಾರಿಗಳು, ದೇಶದೊಳಗೂ ಹೊರಗೂ ಸರ್ಕಾರಿ ಕೋಠಿಗಳು. ಪ್ರಜೆಗಳೂ ಈ ಸರ್ಕಾರಿ ವ್ಯಾಪಾರದಲ್ಲಿ ಹಣ ತೊಡಗಿಸಬಹುದಿತ್ತು. ಐನೂರು ಇಮಾಮಿಯವರೆಗೆ, ಅಂದರೆ ಐನೂರು ರೂಪಾಯಿಯವರೆಗೆ, ಇಟ್ಟವರಿಗೆ ನೂರಕ್ಕೆ 50ರಷ್ಟು ಲಾಭ. ಐದು ಸಾವಿರದವರೆಗೆ ನೂರಕ್ಕೆ 25. ಅದಕ್ಕೂ ಮೇಲಿನವರಿಗೆ ನೂರಕ್ಕೆ 12. ಕಡಿಮೆ ಇಟ್ಟವನಿಗೆ ಹೆಚ್ಚು, ಹೆಚ್ಚು ಇಟ್ಟವನಿಗೆ ಕಡಿಮೆ! ಇಂದಿನ ಸಣ್ಣ ಉಳಿತಾಯ ಯೋಜನೆಗಳನ್ನು ರೂಪಿಸುವವರು ಕನಸಿನಲ್ಲೂ ಎಣಿಸದ ದರವಿದು.

ಇದನ್ನು ಹಿಡಿದು ಟಿಪ್ಪುವನ್ನು ಸಮಾಜವಾದಿಯೆಂದು ಹೊಗಳಿ ಬರೆದವರಿದ್ದಾರೆ. ನನಗೆ ಅಷ್ಟು ಧೈರ್ಯವಿಲ್ಲ. ನೂರಕ್ಕೆ ಐವತ್ತರ ಲಾಭ ಎಲ್ಲಿಂದ ಬರಬೇಕು? ಪೈಪೋಟಿಯಿರುವ ಮಾರುಕಟ್ಟೆಯಲ್ಲಿ ಅದು ಹುಟ್ಟುವುದಿಲ್ಲ. ಗಂಧ, ಮೆಣಸು, ಏಲಕ್ಕಿಗಳನ್ನು ಕೊಳ್ಳುವ ಹಕ್ಕನ್ನು ಸರ್ಕಾರ ತನ್ನೊಬ್ಬನಲ್ಲೇ ಇರಿಸಿಕೊಂಡು, ಬೆಳೆದವನಿಗೆ ತಾನು ಗೊತ್ತುಮಾಡಿದ ಬೆಲೆ ಕೊಟ್ಟು, ಹೊರಗೆ ಮನಸ್ಸಿಗೆ ಬಂದ ಬೆಲೆಗೆ ಮಾರಿದಾಗ ಮಾತ್ರ ಅಂಥ ಲಾಭ ಸಾಧ್ಯ. ಸಣ್ಣ ಠೇವಣಿದಾರನಿಗೆ ಸಿಗಬೇಕಾಗಿದ್ದ ಹಣ ಮೆಣಸಿನ ಬಳ್ಳಿ ಹಬ್ಬಿಸಿದವನ ಜೇಬಿನದು. ನಡುವೆ ಇದ್ದ ಸೆಟ್ಟಿ, ಬಣಜಿಗ, ನವಾಯಿತ, ಕೊಂಕಣಿ ವರ್ತಕರಿಗೆ ಜಾಗವೇ ಉಳಿಯಲಿಲ್ಲ. ಸರ್ಕಾರಿ ಸೇವೆಯಲ್ಲಿ ಮೂರು ದಶಕ ಕಳೆದವನಾಗಿ ಒಂದು ಮಾತು ಸೇರಿಸಬಹುದಾದರೆ, ಅಮಲ್ದಾರನಿಗೆ ಅಂಗಡಿ ನಡೆಸುವ ಕೆಲಸವನ್ನೂ ವಹಿಸಿದಾಗ ಎರಡರಲ್ಲಿ ಒಂದು ಕೆಡುವುದು ಖಚಿತ. ಬಹಳ ಸಲ ಎರಡೂ ಕೆಡುತ್ತವೆ.

ಕೋಟೆಯ ಪೂರ್ವಕ್ಕೆ, ದ್ವೀಪದ ಇನ್ನೊಂದು ತುದಿಯತ್ತ, ಈ ವ್ಯಾಪಾರದ ಊರು ಹಬ್ಬಿಕೊಂಡಿತ್ತು. ಅದರ ಹೆಸರು ಶಹರ್ ಗಂಜಾಂ. ಶಹರ್ ಎಂದರೆ ಪಾರಸಿಯಲ್ಲಿ ನಗರ. ಗಂಜ್ ಎಂದರೆ ಭಂಡಾರ, ಪೇಟೆ. ಇಲ್ಲಿ ನೇಕಾರರಿದ್ದರು, ಕಾಗದ ಮಾಡುವವರಿದ್ದರು, ಕುಶಲಕರ್ಮಿಗಳ ಕೇರಿಗಳಿದ್ದವು. ಈ ಪೇಟೆಯನ್ನು ತುಂಬಿಸಲು ಸಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ತರಲಾಯಿತೆಂದು ಗೆಜೆಟಿಯರುಗಳು ದಾಖಲಿಸಿವೆ. ಮೊಗಲರ ಪ್ರಾಂತ್ಯವೊಂದಕ್ಕೆ ರಾಜಧಾನಿಯಾಗಿದ್ದ, ಒಂದು ಕಾಲಕ್ಕೆ ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ಅರಮನೆಯ ಮಾದರಿ ಒದಗಿಸಿದ ಸಿರಾ ಮತ್ತೆ ಚೇತರಿಸಿಕೊಳ್ಳಲಿಲ್ಲ. ಗಂಜಾಂನ ವೈಭವವನ್ನು ಹೇಳುವಾಗ ಸಿರಾದ ಬರಿದಾದ ಬೀದಿಗಳನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಇದನ್ನು ಬಿಟ್ಟು ಬರೆಯುವ ಇತಿಹಾಸ ಅರ್ಧ ಲೆಕ್ಕದ ಖಾತೆಯಿದ್ದಂತೆ.

ತೈಮೂರ್ ಮಾಡಿದ್ದೂ ಇದನ್ನೇ. 1398ರಲ್ಲಿ ದೆಹಲಿಯಿಂದ, 1401ರಲ್ಲಿ ದಮಾಸ್ಕಸ್‌ನಿಂದ ಆತ ಹೊತ್ತೊಯ್ದ ಸರಕಿನಲ್ಲಿ ಕಲ್ಲುಕುಟಿಗರೂ ನೇಕಾರರೂ ಗಾಜಿನ ಕೆಲಸದವರೂ ಇದ್ದರು. 1404ರಲ್ಲಿ ಸಮರ್ಕಂದ್‌ಗೆ ಬಂದ ಸ್ಪೇನಿನ ರಾಯಭಾರಿ ಕ್ಲಾವಿಹೊ ಹೀಗೆ ತಂದು ನೆಲೆಗೊಳಿಸಿದವರ ಸಂಖ್ಯೆ ಒಂದೂವರೆ ಲಕ್ಷವೆಂದು ಕೇಳಿ ಬರೆದುಕೊಂಡ. ಪೇಟೆಗೊಂದು ಬೀದಿ ಬೇಕೆಂದು ಊರಿನ ನಡುವೆ ಮನೆಗಳನ್ನು ಕೆಡವಿಸಿ ಇಪ್ಪತ್ತೇ ದಿನಗಳಲ್ಲಿ ಇಕ್ಕೆಲಗಳಲ್ಲಿ ಅಂಗಡಿಗಳಿದ್ದ ಬೀದಿಯನ್ನು ತೈಮೂರ್ ಕಟ್ಟಿಸಿದ್ದನ್ನೂ ಆತ ಕಂಡ. ಆ ಪೇಟೆಗೆ ಚೀನಾದ ರೇಷ್ಮೆ, ರಷ್ಯಾದ ಚರ್ಮ, ನಮ್ಮ ಕಡೆಯ ಶುಂಠಿ, ಲವಂಗ, ಜಾಯಿಕಾಯಿ ಬರುತ್ತಿದ್ದವು. ಮನೆ ಕಳೆದುಕೊಂಡವರಿಗೆ ಪರಿಹಾರ ಸಿಗಲಿಲ್ಲ. ಭೂಸ್ವಾಧೀನದ ಕಡತಗಳನ್ನು ನೋಡಿದವರಿಗೆ ಇದು ತೀರ ಹಳೆಯ ಸುದ್ದಿಯೆಂದು ಅನ್ನಿಸಲಾರದು.

ಈಗ ಎರಡು ಊರುಗಳ ಹಣೆಬರಹವನ್ನು ಪಕ್ಕಪಕ್ಕದಲ್ಲಿ ಇಡೋಣ.

1800ರ ಮೇ ತಿಂಗಳಲ್ಲಿ, ಕೋಟೆ ಬಿದ್ದು ಒಂದು ವರ್ಷವಾದ ಮೇಲೆ, ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣಕ್ಕೆ ಬಂದ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಹೊಸದಾಗಿ ಗೆದ್ದ ನಾಡಿನ ಬೆಳೆ, ಕೈಗಾರಿಕೆ, ವ್ಯಾಪಾರಗಳನ್ನು ಪರಿಶೀಲಿಸುವುದು ಆತನ ಕೆಲಸವಾಗಿತ್ತು. ಮನೆಗಳ ಪಟ್ಟಿಯನ್ನು ಆತ ತರಿಸಿ ನೋಡಿದ. ಕೋಟೆಯೊಳಗೆ 4,163 ಮನೆ, ಗಂಜಾಂನಲ್ಲಿ 2,216 ಮನೆ. ಮನೆಗೆ ಐವರಂತೆ ಲೆಕ್ಕ ಹಿಡಿದು ದ್ವೀಪದ ಜನಸಂಖ್ಯೆ 31,895 ಎಂದು ಬರೆದ. ಟಿಪ್ಪುವಿನ ಕಾಲದಲ್ಲಿ ಅಲ್ಲಿ ಒಂದೂವರೆ ಲಕ್ಷ ಜನರಿದ್ದರೆಂಬುದು ಅವನ ಅಂದಾಜು. ಆ ಹಳೆಯ ಅಂಕಿ ಉತ್ಪ್ರೇಕ್ಷೆಯೇ ಇರಬಹುದು. ಅದನ್ನು ಅರ್ಧಕ್ಕಿಳಿಸಿದರೂ ಊರಿನ ಅರ್ಧಕ್ಕಿಂತ ಹೆಚ್ಚು ಜನ ಒಂದೇ ವರ್ಷದಲ್ಲಿ ಹೊರಟುಹೋದರೆಂದು ಅರ್ಥ. ರಾಜಧಾನಿ ಮೈಸೂರಿಗೆ ಹೋಯಿತು. ದಿವಾನ್ ಪೂರ್ಣಯ್ಯ 1804ರಲ್ಲಿ ಕಟ್ಟಿಸಿದ ಕಲ್ಲುಕಂಬದ ವೆಲ್ಲೆಸ್ಲಿ ಸೇತುವೆಯ ಮೇಲೆ ಗಾಡಿಗಳು ಬಂದವು. ಬಂದವು ಬೇರೆ ಊರಿಗೆ ಹೋಗಲು. ಜ್ವರದ ಕಾಟಕ್ಕೆ ಬೇಸತ್ತು 1809ರಲ್ಲಿ ಕಂಪನಿಯ ಸೈನ್ಯವೂ ಬೆಂಗಳೂರಿಗೆ ಹೊರಟಿತು. ಸಿಪಾಯಿಗಳಿಗೆ ದಿನಸಿ ಮಾರಿ ಬದುಕಿದ್ದ ಅಂಗಡಿಗಳೂ ಅದರ ಹಿಂದೆ ಹೋದವು. ಮಸ್ಕತ್, ಮುಂದ್ರಾಗಳ ಕೋಠಿಗಳು ಒಡೆಯನೊಂದಿಗೇ ಮುಳುಗಿದವು. ಅವುಗಳ ಹಿಂದೆ ಸರ್ಕಾರದ ಹೊರತು ಯಾರೂ ಇರಲಿಲ್ಲವಾದ್ದರಿಂದ ಅವನ್ನು ಮುಂದುವರಿಸುವವರೂ ಇರಲಿಲ್ಲ.

ಸಮರ್ಕಂದ್ ಕೂಡ ಸತ್ತ ಊರೇ ಆಗಿತ್ತು. ಕಡಲ ದಾರಿಗಳು ಬಲಿತು, ಹುಲ್ಲುಗಾವಲಿನ ದಂಡುಗಳ ಹಾವಳಿ ಹೆಚ್ಚಿ, ಹದಿನೆಂಟನೆಯ ಶತಮಾನದ ಮೊದಲರ್ಧದಲ್ಲಿ ಅದು ಬಹುತೇಕ ಪಾಳುಬಿದ್ದಿತ್ತು. ಶ್ರೀರಂಗಪಟ್ಟಣ ಉಚ್ಛ್ರಾಯದಲ್ಲಿದ್ದ 1770–80ರ ದಶಕಗಳಲ್ಲಿ ಸಮರ್ಕಂದ್‌ಗೆ ಜನ ಮೆಲ್ಲಮೆಲ್ಲನೆ ಮರಳುತ್ತಿದ್ದರು. ಮರಳಿ ತಂದದ್ದು ಜರಫ್ಶಾನ್ ನದಿಯ ನೀರು, ಸುತ್ತಲಿನ ಹಣ್ಣಿನ ತೋಟಗಳು, ಬುಖಾರಾದ ದಾರಿ, ಮತ್ತು ಮಹಲ್ಲಾಗಳೆಂದು ಕರೆಯುವ ಕೇರಿಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಉಳಿದ ಕಸುಬುಗಳು. 1888ರಲ್ಲಿ ರೈಲು ಬಂದಾಗ ಅದು ಮತ್ತೆ ಪೇಟೆಯಾಯಿತು. ದೊರೆಯ ಅಂಗಡಿ ದೊರೆಯ ಜೊತೆ ಮುಚ್ಚುತ್ತದೆ. ಕೇರಿಯ ಅಂಗಡಿಗೆ ಒಬ್ಬನಲ್ಲದಿದ್ದರೆ ಮತ್ತೊಬ್ಬ ವಾರಸುದಾರ ಸಿಗುತ್ತಾನೆ.

ನಮ್ಮಲ್ಲಿಯೂ ಇದಕ್ಕೆ ಸಾಕ್ಷಿ ಇದೆ, ಅದೂ ಟಿಪ್ಪುವಿನ ಕೆಲಸದಲ್ಲೇ. ಬಂಗಾಳದಿಂದ ರೇಷ್ಮೆಹುಳು ತರಲು ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬ ಇಬ್ಬರನ್ನು ಕಳುಹಿಸಿದ ವಿಚಾರ ಆತನ ಪತ್ರಗಳಲ್ಲಿದೆ. ಆ ಹುಳು ಸರ್ಕಾರಿ ಕೋಠಿಯ ಬೀಗದೊಳಗೆ ಉಳಿಯುವ ಜೀವಿಯಲ್ಲ. ಹಿಪ್ಪುನೇರಳೆ ಬೆಳೆಯಲು ರೈತ ಬೇಕು, ತಟ್ಟೆ ತೊಳೆದು ಸೊಪ್ಪು ಹಾಕಲು ಮನೆಮಂದಿ ಬೇಕು, ನೂಲು ತೆಗೆಯಲು ಬೇರೊಂದು ಮನೆ ಬೇಕು. ಹೀಗೆ ಕೈಯಿಂದ ಕೈಗೆ ದಾಟಿದ್ದರಿಂದಲೇ ಅದು ಉಳಿಯಿತು. ಚನ್ನಪಟ್ಟಣ, ರಾಮನಗರ, ಕೊಳ್ಳೇಗಾಲಗಳಲ್ಲಿ ಬೇರೂರಿತು. ಇಂದು ಕಚ್ಚಾ ರೇಷ್ಮೆಯ ಉತ್ಪಾದನೆಯಲ್ಲಿ ದೇಶಕ್ಕೆ ಮೊದಲಾಗಿರುವ ರಾಜ್ಯ ನಮ್ಮದು. ಇದಕ್ಕೆ ತದ್ವಿರುದ್ಧವಾದದ್ದು ಶ್ರೀಗಂಧದ ಕಥೆ. 1792ರಲ್ಲಿ ಟಿಪ್ಪು ಅದನ್ನು ರಾಜವೃಕ್ಷವೆಂದು ಸಾರಿದ. ಒಡೆಯರ ಸರ್ಕಾರವೂ, ಕಮಿಷನರರ ಆಡಳಿತವೂ, ಸ್ವಾತಂತ್ರ್ಯಾನಂತರದ ಸರ್ಕಾರಗಳೂ ಆ ಏಕಸ್ವಾಮ್ಯವನ್ನು ಬಿಡಲಿಲ್ಲ. ತನ್ನ ಹೊಲದ ಬದುವಿನಲ್ಲಿ ಹುಟ್ಟಿದ ಗಂಧದ ಸಸಿ ರೈತನ ಪಾಲಿಗೆ ಆಸ್ತಿಯಾಗುವ ಬದಲು ಮೊಕದ್ದಮೆಯಾಯಿತು. ಕಂಡೊಡನೆ ಕಿತ್ತೆಸೆಯುವುದೇ ಕ್ಷೇಮವೆಂದು ಬಗೆದವರು ನಮ್ಮ ಕಡೆ ಎಷ್ಟೋ ಮಂದಿ. ಭೂಮಾಲೀಕನಿಗೆ ಮರದ ಒಡೆತನ ನೀಡುವ ಕಾನೂನು ತಿದ್ದುಪಡಿ ಬಂದದ್ದು 2001ರಲ್ಲಿ, ಎರಡು ಶತಮಾನ ಕಳೆದ ಮೇಲೆ. ಅಷ್ಟರಲ್ಲಿ ಗಂಧದ ನಾಡೆಂಬುದು ಹಾಡಿನಲ್ಲಿ ಮಾತ್ರ ಉಳಿದಿತ್ತು.

ಇಷ್ಟೆಲ್ಲ ಹೇಳಿದ್ದು ಟಿಪ್ಪುವಿನ ಗುಣದೋಷಗಳ ತಕ್ಕಡಿ ಹಿಡಿಯಲಿಕ್ಕಲ್ಲ. ಶ್ರೀರಂಗಪಟ್ಟಣವನ್ನು ವಿಶ್ವ ಪರಂಪರೆಯ ತಾಣವಾಗಿ ರೂಪಿಸಲು ಹೊರಟಿರುವವರು ಮತ್ತೊಮ್ಮೆ ದೊರೆಯ ಅಂಗಡಿಯನ್ನೇ ಕಟ್ಟಿಬಿಡಬಾರದೆಂಬ ಆತಂಕದಿಂದ. ಸಮರ್ಕಂದ್‌ಗೆ ಹತ್ತಿರದಲ್ಲೇ ಶಹ್ರಿಸಬ್ಜ್ ಎಂಬ ಪಟ್ಟಣವಿದೆ, ತೈಮೂರನ ಹುಟ್ಟೂರಿನ ಸೀಮೆ. 2000ದಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಪ್ರವಾಸಿಗರಿಗೆ ಅನುಕೂಲವಾಗಲೆಂದು ಅಲ್ಲಿನ ಸರ್ಕಾರ ಊರಿನ ನಡುವಿನ ಮಧ್ಯಯುಗದ ಮಹಲ್ಲಾಗಳನ್ನು ಕೆಡವಿ ವಿಶಾಲವಾದ ಉದ್ಯಾನ, ಕಾರಂಜಿ, ಮಾರಾಟ ಮಳಿಗೆಗಳನ್ನು ಮಾಡಿತು. ಸ್ಮಾರಕಗಳು ಥಳಥಳಿಸಿದವು, ಊರು ಕಾಣೆಯಾಯಿತು. 2016ರಲ್ಲಿ ಯುನೆಸ್ಕೊ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ತೈಮೂರನ ಇಪ್ಪತ್ತು ದಿನಗಳ ಬೀದಿಯ ನೆನಪಾಗುವುದಿಲ್ಲವೇ?

ನಮ್ಮ ಯೋಜನೆಗಳ ಒಲವೂ ಆ ಕಡೆಗೇ ಇದೆ. ಸ್ಮಾರಕಗಳ ಪಟ್ಟಿ ಮಾಡುವುದು ಸುಲಭ. ಪ್ರತಿಯೊಂದಕ್ಕೂ ಸರ್ವೆ ನಂಬರು, ಬೇಲಿ, ಫಲಕ ಇರುತ್ತದೆ. ಬೀದಿಗೆ, ಕೇರಿಗೆ, ಸಂತೆಗೆ ಫಲಕ ಹಾಕುವುದು ಹೇಗೆಂದು ಯಾವ ಅಂದಾಜುಪಟ್ಟಿಯೂ ಹೇಳುವುದಿಲ್ಲ. ಬೆಂಗಳೂರು–ಮೈಸೂರು ಜೋಡಿಹಳಿಗಾಗಿ 2017ರಲ್ಲಿ ಟಿಪ್ಪುವಿನ ಶಸ್ತ್ರಾಗಾರವೊಂದನ್ನು ಬುಡಸಮೇತ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಇರಿಸಲಾಯಿತು. ತಾಂತ್ರಿಕವಾಗಿ ಮೆಚ್ಚಬೇಕಾದ ಕೆಲಸ. ಮದ್ದಿನ ಮನೆಗೆ ದೊರೆತ ಈ ಕಾಳಜಿಯ ಹತ್ತರಲ್ಲೊಂದು ಪಾಲು ಗಂಜಾಂನ ಹಳೆಯ ಮನೆಯೊಂದಕ್ಕೆ ದೊರೆಯುವುದೇ ಎಂದು ಯೋಚಿಸಿದರೆ ನಮ್ಮ ಆದ್ಯತೆ ಸ್ಪಷ್ಟವಾಗುತ್ತದೆ.

ಇದರೊಂದಿಗೆ ಹೊಸ ಸಂಕಟವೂ ಒದಗಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಬೈಪಾಸ್ ಶ್ರೀರಂಗಪಟ್ಟಣವನ್ನು ಬದಿಗೆ ಬಿಟ್ಟು ಹೋಗುತ್ತದೆ. ದಾರಿಯ ಮೇಲೆ ಬದುಕುವ ಊರಿಗೆ ದಾರಿ ತಪ್ಪುವುದಕ್ಕಿಂತ ದೊಡ್ಡ ಹೊಡೆತವಿಲ್ಲ. ಹಿಂದೆ ಮೈಸೂರಿಗೆ ಹೋಗುವವರು ಕಾಫಿ ಕುಡಿಯಲಾದರೂ ಇಲ್ಲಿ ನಿಲ್ಲುತ್ತಿದ್ದರು, ನಿಂತವರಲ್ಲಿ ಕೆಲವರು ರಂಗನಾಥನಿಗೆ ಕೈಮುಗಿಯುತ್ತಿದ್ದರು, ಒಂದಿಬ್ಬರು ದರಿಯಾ ದೌಲತ್‌ಗೂ ಹೋಗುತ್ತಿದ್ದರು. ಈಗ ಇಲ್ಲಿಗೆ ಬರುವವನು ಬರಬೇಕೆಂದೇ ಬರಬೇಕು. ಬಂದವನಿಗೆ ತೋರಿಸಲು ಗುಂಡೇಟಿನ ಗುರುತಿಗಿಂತ ಹೆಚ್ಚಿನದು ನಮ್ಮಲ್ಲಿರಬೇಡವೇ?

ತೋರಿಸುವಂಥದು ಏನೂ ಉಳಿದಿಲ್ಲವೆಂದು ಹೇಳುವವರು ಗಂಜಾಂನಲ್ಲಿ ಒಂದು ಬೆಳಗ್ಗೆ ನಡೆದು ನೋಡಬೇಕು. ಸಮರ್ಕಂದ್‌ನ ಹಳೆಯ ಸೋಗ್ದಿಯನ್ನರಲ್ಲಿ ಅಗ್ನಿಪೂಜಕರಿದ್ದರು, ಬೌದ್ಧರಿದ್ದರು, ಕ್ರೈಸ್ತರಿದ್ದರು ಎಂದು ಪುಸ್ತಕಗಳಲ್ಲಿ ಓದಿ ಬೆರಗಾಗುತ್ತೇವೆ. ಒಂದೇ ನಡಿಗೆಯ ದೂರದಲ್ಲಿ ನಿಮಿಷಾಂಬಾ ದೇವಿಯ ಗುಡಿ, ಹೈದರ್–ಟಿಪ್ಪುವಿನ ಗುಂಬಜ್, ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಕಟ್ಟಿಸಿದ ಇಗರ್ಜಿ ಇರುವ ಗಂಜಾಂ ನಮಗೆ ಬೆರಗು ಹುಟ್ಟಿಸುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಗಳಂದು ನಿಮಿಷಾಂಬೆಗೆ ಬರುವ ಜನಜಂಗುಳಿಯನ್ನು ನಂಬಿ ಹೂವು, ನಿಂಬೆಹಣ್ಣು, ಬಳೆ ಮಾರುವವರ ಸಾಲು ಇದೆ. ಪೇಟೆ ಸತ್ತಿಲ್ಲ, ಸರಕು ಬದಲಾಗಿದೆ ಅಷ್ಟೆ. ಸಂರಕ್ಷಣೆಯ ನೀಲನಕ್ಷೆಯಲ್ಲಿ ಈ ಮಾರಾಟಗಾರರು ಒತ್ತುವರಿದಾರರೆಂಬ ಶೀರ್ಷಿಕೆಯಡಿ ಬರುವ ಸಂಭವವೇ ಹೆಚ್ಚು. ಅವರನ್ನು ಎಬ್ಬಿಸಿ ಗ್ರಾನೈಟ್ ಹಾಸಿದರೆ ಶಹರ್ ಗಂಜಾಂನ ಕೊನೆಯ ಎಳೆಯನ್ನೂ ನಾವೇ ಕಡಿದಂತಾಗುತ್ತದೆ.

ಆದ್ದರಿಂದ ಅಂತಿಮ ಪಟ್ಟಿಗಾಗಿ ಸಲ್ಲಿಸುವ ದಾಖಲೆಯಲ್ಲಿ ಈ ದ್ವೀಪವನ್ನು ರಣರಂಗವೆಂದಷ್ಟೇ ಬಣ್ಣಿಸದೆ ಕಾವೇರಿ ಕಣಿವೆಯನ್ನು ಅರಬ್ಬಿ ಕಡಲಿಗೆ ಜೋಡಿಸಿದ ಪೇಟೆಯೆಂದು ವಿವರಿಸಬೇಕು. ಮಸ್ಕತ್‌ನ ಪತ್ರಗಳೂ, ವಾಣಿಜ್ಯ ನಿಬಂಧನೆಗಳೂ, ಬುಕಾನನ್‌ನ ವರದಿಯ ಶ್ರೀರಂಗಪಟ್ಟಣದ ಭಾಗವೂ ಕನ್ನಡದಲ್ಲಿ ಒಂದೇ ಸಂಪುಟವಾಗಿ, ಶಾಲೆಯ ಮೇಷ್ಟರು ಕೊಂಡು ಓದಬಲ್ಲ ಬೆಲೆಗೆ ದೊರೆಯಬೇಕು. ಸಿರಾದಿಂದ ನಾಗಮಂಗಲದ ಮೂಲಕ ಬಂದ ದಾರಿಯನ್ನು, ಅದರ ಸಂಕಟವನ್ನು ಮರೆಮಾಚದೆ, ನಕ್ಷೆಯಲ್ಲಿ ಗುರುತಿಸಬೇಕು. ಇವು ಹೆಚ್ಚು ಹಣ ಬೇಡುವ ಕೆಲಸಗಳಲ್ಲ.

ಎಲ್ಲಕ್ಕಿಂತ ಮೊದಲು ಬೇಕಾದದ್ದು ಒಂದು ಎಣಿಕೆ. 1800ರಲ್ಲಿ, ಲೂಟಿಯಾದ ಊರಿನಲ್ಲಿ ಕುಳಿತು, ಗಂಜಾಂನಲ್ಲಿ 2,216 ಮನೆಗಳಿವೆಯೆಂದು ಒಬ್ಬ ಪರದೇಶಿ ಬರೆದಿಟ್ಟ. ಆ ಬೀದಿಗಳ ಜಾಡಿನಲ್ಲಿ ಇಂದು ನಿಂತಿರುವ ಹಳೆಯ ಮನೆಗಳು ಎಷ್ಟು, ಅವುಗಳಲ್ಲಿ ಯಾರಿದ್ದಾರೆ, ಯಾವ ಕಸುಬು ಮಾಡುತ್ತಿದ್ದಾರೆ, ಅವರ ಹಿರಿಯರು ಎಲ್ಲಿಂದ ಬಂದವರು ಎಂಬ ಪಟ್ಟಿ ತಯಾರಾಗಲಿ. ತಾಲ್ಲೂಕು ಕಚೇರಿಯ ಇಬ್ಬರು ಸರ್ವೆಯರುಗಳು, ನಾಲ್ವರು ಇತಿಹಾಸ ವಿದ್ಯಾರ್ಥಿಗಳು ಇದ್ದರೆ ಬೇಸಿಗೆ ರಜೆಯೊಳಗೆ ಮುಗಿಯುವ ಕೆಲಸವದು.